ನೀರು ಹೆಪ್ಪುಗಟ್ಟದ ಕಡೆ ಹದ್ದು

ಚಳಿಗಾಲದಲ್ಲಿ ಬಾಲ್ಡ್ ಈಗಲ್, ಅಂದರೆ ಉತ್ತರ ಅಮೆರಿಕದ ಬಿಳಿ ತಲೆಯ ಹದ್ದನ್ನು ನೋಡಬೇಕಾದರೆ ಮೊದಲು ಹೆಪ್ಪುಗಟ್ಟದ ನೀರು ಎಲ್ಲಿದೆ ಅಂತ ಹುಡುಕಬೇಕು. ಅಮೆರಿಕದ ಅಯೋವಾ ರಾಜ್ಯದ ಲೆಕ್ಲೇರ್ ಊರಿನ ಹತ್ತಿರ ಮಿಸಿಸಿಪ್ಪಿ ನದಿಗೆ ಒಂದು ಕಟ್ಟೆ ಇದೆ, ಹೆಸರು ಲಾಕ್ ಆಂಡ್ ಡ್ಯಾಮ್ 14. ಜನವರಿಯ ಬೆಳಿಗ್ಗೆ, ಮೈನಸ್ 15 ಡಿಗ್ರಿ. ಕಟ್ಟೆಯ ಮೇಲ್ಗಡೆ ನದಿ ಗಟ್ಟಿ ಹಲಗೆ. ಕೆಳಗಡೆ ಮಾತ್ರ ಗೇಟಿನಿಂದ ನುಗ್ಗಿ ಬರುವ ನೀರು ಕದಡುತ್ತಲೇ ಇರುವುದರಿಂದ ಮಂಜುಗಟ್ಟುವುದಕ್ಕೆ ಪುರಸೊತ್ತೇ ಸಿಗುವುದಿಲ್ಲ. ಕಪ್ಪು ನೀರು, ಮೇಲೆ ಹಬೆ, ದಂಡೆಯ ಎಲೆಯುದುರಿದ ಮರಗಳ ತುಂಬ ಹದ್ದುಗಳು.

ಇನ್ನೂ ಒಂದು ಕಾರಣ ಇದೆ. ಗಿಜರ್ಡ್ ಶ್ಯಾಡ್ ಅನ್ನೋ ಮೀನಿಗೆ ಚಳಿ ತಡೆಯುವುದಿಲ್ಲ. ಗೇಟು ದಾಟುವಾಗ ತಲೆ ತಿರುಗಿದ ಮೀನು, ಚಳಿಗೆ ಸತ್ತ ಮೀನು, ಎಲ್ಲ ಮೇಲೆ ತೇಲಿ ಬರುತ್ತವೆ. ಹದ್ದಿಗೆ ಇದು ಬಡಿಸಿಟ್ಟ ಎಲೆ. ಉತ್ತರದ ಕೆರೆಗಳು ಮುಚ್ಚಿಕೊಂಡಾಗ ಅವು ಇಲ್ಲಿಗೆ ಇಳಿಯುವುದು ಇದಕ್ಕೇ.

ಅಂದ ಹಾಗೆ, ಹೆಸರಲ್ಲಿ ‘ಬೋಳು’ ಅಂತ ಇದ್ದರೂ ತಲೆ ತುಂಬ ಬಿಳಿ ಗರಿ ಇರುತ್ತದೆ. ‘ಬಾಲ್ಡ್’ ಪದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಬಿಳಿ ಅನ್ನುವ ಅರ್ಥವೂ ಇತ್ತು. ಆ ಬಿಳಿ ಬರುವುದಕ್ಕೂ 4-5 ವರ್ಷ ಬೇಕು. ಮೈಯೆಲ್ಲ ಕಂದು, ಅಲ್ಲಲ್ಲಿ ಬಿಳಿ ಮಚ್ಚೆ ಇರುವ ದೊಡ್ಡ ಹಕ್ಕಿ ಕಂಡರೆ ‘ಇದು ಬೇರೆ ಯಾವುದೋ’ ಅಂತ ಕ್ಯಾಮೆರಾ ಇಳಿಸಬೇಡಿ, ಅದು ಮರಿ. ನಮ್ಮ ಊರುಗಳ ಮೇಲೆ ಸುತ್ತುವ ಗರುಡನ ಕಥೆಯೂ ಹೀಗೇ ಅಲ್ವಾ? ಬಿಳಿ ತಲೆ, ಇಟ್ಟಿಗೆ ಬಣ್ಣದ ಮೈ, ಆದರೆ ಮರಿ ಮಾತ್ರ ಮಾಸಲು ಕಂದು. ಎರಡೂ ಹತ್ತಿರದ ಸಂಬಂಧಿಕರೇ. ಕಾರವಾರ, ಮುರ್ಡೇಶ್ವರದ ಕಡೆ ಕಾಣುವ ಬಿಳಿ ಹೊಟ್ಟೆಯ ಕಡಲ ಹದ್ದಂತೂ ಬಾಲ್ಡ್ ಈಗಲ್‌ಗೆ ಇನ್ನೂ ಹತ್ತಿರದ ನೆಂಟ.

ಹೊಸಬರಿಗೆ ಬೇಜಾರಾಗುವುದು ಒಂದೇ ವಿಷಯಕ್ಕೆ: ಹದ್ದು ಏನೂ ಮಾಡುವುದಿಲ್ಲ. ಗಂಟೆಗಟ್ಟಲೆ ಸುಮ್ನೆ ಕೂತಿರುತ್ತದೆ. ಆ ಕೂರುವುದೇ ಅದರ ಚಳಿಗಾಲದ ಕೆಲಸ. ತಿಂದದ್ದನ್ನು ಮೈ ಬೆಚ್ಚಗಿಡುವುದಕ್ಕೆ ಖರ್ಚು ಮಾಡಬೇಕು, ಹಾರಾಟಕ್ಕೆ ಸುರಿದರೆ ಜೀವಕ್ಕೇ ಕುತ್ತು. ಬರಿಗಾಲಲ್ಲಿ ಕೊಂಬೆ ಹಿಡಿದು ಕೂತರೂ ಕಾಲು ಮರಗಟ್ಟುವುದಿಲ್ಲ, ಯಾಕೆಂದರೆ ಕೆಳಗಿಳಿಯುವ ಬಿಸಿ ರಕ್ತದ ನಾಳ ಮತ್ತು ಮೇಲೇರುವ ತಣ್ಣನೆಯ ರಕ್ತದ ನಾಳ ಅಕ್ಕಪಕ್ಕವೇ ಇದ್ದು, ಶಾಖ ಪಾದಕ್ಕೆ ಹೋಗಿ ವ್ಯರ್ಥವಾಗುವ ಮೊದಲೇ ವಾಪಸ್ ಮೈಗೆ ಸಿಗುತ್ತದೆ. ಹಾಗಾಗಿ ಒಳ್ಳೆ ಫೋಟೋದ ಆಸೆಗೆ ಮರದ ಬುಡಕ್ಕೆ ಹೋಗಿ ಅದನ್ನು ಎಬ್ಬಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಾರಿನೊಳಗೇ ಕೂತಿರಿ, ಕಾರಿಗೆ ಅದು ಅಷ್ಟಾಗಿ ಹೆದರುವುದಿಲ್ಲ.

ಆದರೆ ಕಾರಲ್ಲೂ ಒಂದು ತಂಟೆ ಇದೆ. ಮೊದಲ ವರ್ಷ ನಾನು ಹೀಟರ್ ಜೋರಾಗಿಟ್ಟು, ಕಿಟಕಿ ಇಳಿಸಿ, 600 ಎಂಎಂ ಲೆನ್ಸ್ ಹೊರಗೆ ಚಾಚಿ ನಾನೂರು ಫೋಟೋ ಹೊಡೆದೆ. ಮನೆಗೆ ಬಂದು ನೋಡಿದರೆ ಒಂದೂ ಶಾರ್ಪ್ ಇಲ್ಲ. ಲೆನ್ಸ್ ಕೆಟ್ಟಿದೆ ಅಂತ ಒಂದು ವಾರ ಅತ್ತೆ. ಕೆಟ್ಟಿದ್ದು ಗಾಳಿ: ಕಾರಿನ ಬಿಸಿ ಗಾಳಿ ಹೊರಗಿನ ಥಂಡಿಗೆ ಸೇರುವಾಗ ಬೆಳಕು ಬಾಗುತ್ತದೆ, ಏಪ್ರಿಲ್‌ನಲ್ಲಿ ರಾಯಚೂರಿನ ಟಾರ್ ರಸ್ತೆ ಮೇಲೆ ಗಾಳಿ ನಡುಗುತ್ತದಲ್ಲ, ಅದೇ. ಈಗ ಹೀಟರ್ ಆಫ್, ಕಾಲಿಗೆ ಕಂಬಳಿ.

ಇನ್ನೊಂದು ಪೇಚು ಬಣ್ಣದ್ದು. ಕಪ್ಪು ಮೈ ಫ್ರೇಮ್ ತುಂಬಿದಾಗ ಕ್ಯಾಮೆರಾ ‘ಕತ್ತಲೆ’ ಅಂದುಕೊಂಡು ಬೆಳಕು ಹೆಚ್ಚಿಸುತ್ತದೆ, ಬಿಳಿ ತಲೆ ಸುಣ್ಣದ ಉಂಡೆ ಆಗುತ್ತದೆ. ಎಕ್ಸ್‌ಪೋಶರ್ ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕನ್ನು ಅರ್ಧ ಮಾಡಿ. ಬೂದು ಆಕಾಶದ ಮುಂದೆ ಹಾರುವಾಗ ಉಲ್ಟಾ, ಏರಿಸಬೇಕು. ಶಟರ್ ವೇಗ 1/2000 ಸೆಕೆಂಡ್ ಇರಲಿ.

ಗಾಳಿ ನಿಮ್ಮ ಬೆನ್ನ ಹಿಂದಿನಿಂದ ಬೀಸುವ ಜಾಗ ಹಿಡಿಯಿರಿ, ಹದ್ದು ಏಳುವುದೂ ಇಳಿಯುವುದೂ ಗಾಳಿಗೆದುರಾಗಿ, ಅಂದರೆ ಮುಖ ನಿಮ್ಮ ಕಡೆ.

ಮರಗಳ ಮೇಲೆ ಸಾಲಾಗಿ ಕೂತ ಈ ಹದ್ದುಗಳ ಗುಂಪು ಒಂದು ಕಾಲಕ್ಕೆ ಊಹೆಗೂ ಸಿಗುತ್ತಿರಲಿಲ್ಲ. ಡಿಡಿಟಿ ಕೀಟನಾಶಕ ಮೀನಿನ ಮೂಲಕ ಹದ್ದಿನ ಮೈ ಸೇರಿ ಮೊಟ್ಟೆಯ ಚಿಪ್ಪು ತೆಳುವಾಯಿತು, ಕಾವಿಗೆ ಕೂತರೆ ಒಡೆಯುತ್ತಿತ್ತು. 1963ರಲ್ಲಿ ಅಲಾಸ್ಕಾ ಬಿಟ್ಟು ಉಳಿದ ಅಮೆರಿಕದಲ್ಲಿ ಗೂಡು ಕಟ್ಟುತ್ತಿದ್ದದ್ದು 417 ಜೋಡಿ ಅಷ್ಟೇ. 1972ರಲ್ಲಿ ಡಿಡಿಟಿ ನಿಷೇಧವಾಯಿತು. 2021ರಲ್ಲಿ ಪ್ರಕಟವಾದ ಸರ್ಕಾರಿ ಅಂದಾಜಿನ ಪ್ರಕಾರ ಅದೇ ಪ್ರದೇಶದಲ್ಲಿ ಸುಮಾರು 3,16,700 ಹದ್ದುಗಳಿವೆ.

ಕೊನೆಗೆ, ಹಾರುವ ಗಳಿಗೆ ಹಿಡಿಯುವ ಗುಟ್ಟು. ಕೂತ ಹದ್ದು ಬಾಲ ಎತ್ತಿ ಪಿಚಕ್ಕಂತ ಹಿಕ್ಕೆ ಹಾಕಿತೋ, ಬೆರಳು ಗುಂಡಿ ಮೇಲಿಡಿ. ಹೊಟ್ಟೆ ಹಗುರ ಮಾಡಿಕೊಂಡು, ಮುಂದಕ್ಕೆ ಬಾಗಿ, ಬಹಳ ಸಲ ಮರುಕ್ಷಣವೇ ಕೊಂಬೆ ಬಿಡುತ್ತದೆ. ಕಳೆದ ಸಲ ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದೆ. ಬಾಲ ಎತ್ತಿದ್ದು ಕಂಡಿತು, ಕಾಫಿ ತೊಡೆ ಮೇಲೆ ಚೆಲ್ಲಿತು, ಫೋಟೋದಲ್ಲಿ ಸಿಕ್ಕಿದ್ದು ಅಲ್ಲಾಡುವ ಕೊಂಬೆ.