ಪಂಕ್ ಬ್ಯಾಂಡಿಗೆ ಸೇರಿದ ಹಳೇ ಕೈ: ಟೆರಿ ವುಡ್ಸ್ ನಡೆದ ದಾರಿ

1985ರಲ್ಲಿ ಐರ್ಲೆಂಡಿನ ರೇಡಿಯೊದಲ್ಲಿ ಒಂದು ಜಟಾಪಟಿ ನಡೆಯಿತು. ಒಂದು ಕಡೆ ಲಂಡನ್ನಿನಿಂದ ಬಂದಿದ್ದ ಪೋಗ್ಸ್ ಬ್ಯಾಂಡು. ಇನ್ನೊಂದು ಕಡೆ ನೋಯೆಲ್ ಹಿಲ್. ಕಾನ್ಸರ್ಟಿನಾ ಎಂಬ ಪುಟ್ಟ ತಿದಿಯ ವಾದ್ಯ ನುಡಿಸುವುದರಲ್ಲಿ ಅವರದು ಎತ್ತಿದ ಕೈ. ಈ ಹುಡುಗರು ಐರಿಷ್ ಸಂಗೀತವನ್ನು ಕುಲಗೆಡಿಸಿದ್ದಾರೆ ಎಂದು ಹಿಲ್ ಮುಲಾಜಿಲ್ಲದೆ ಹೇಳಿಬಿಟ್ಟರು.

ಅವರಿಗೆ ಹಾಗನ್ನಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಪೋಗ್ಸ್ ಹುಟ್ಟಿದ್ದು 1982ರಲ್ಲಿ, ಲಂಡನ್ನಿನಲ್ಲಿ. ಹಾಡುಗಾರ ಶೇನ್ ಮೆಕ್‌ಗೋವನ್ ಅವರ ಅಪ್ಪ ಅಮ್ಮ ಐರಿಷ್, ಆದರೆ ಅವರು ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಬ್ಯಾಂಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಇಂಗ್ಲಿಷರೇ. ಅಕಾರ್ಡಿಯನ್, ಬ್ಯಾಂಜೊ, ತಗಡಿನ ಕೊಳಲು ಹಿಡಿದು ಪಂಕ್ ಅನ್ನುವ ಒರಟು ರಾಕ್ ಸಂಗೀತದ ವೇಗದಲ್ಲಿ ಹಳೇ ಹಾಡು ಹೇಳುತ್ತಿದ್ದರು. ಕುಡಿತವೂ ಜೋರು, ಗಲಾಟೆಯೂ ಜೋರು.

ಬ್ಯಾಂಡು ಸುಮ್ಮನಿರಲಿಲ್ಲ. 1986ರಲ್ಲಿ ತಂದ ನಾಲ್ಕು ಹಾಡುಗಳ ರೆಕಾರ್ಡಿನಲ್ಲಿ ಒಂದು ಟ್ಯೂನಿಗೆ ‘ಪ್ಲಾಂಕ್ಸ್‌ಟಿ ನೋಯೆಲ್ ಹಿಲ್’ ಎಂದು ಹೆಸರಿಟ್ಟರು. ಪ್ಲಾಂಕ್ಸ್‌ಟಿ ಅಂದರೆ ಹಿಂದಿನ ಕಾಲದ ಹಾರ್ಪ್ ವಾದಕರು ತಮ್ಮನ್ನು ಸಾಕಿದ ಧಣಿಯನ್ನು ಹೊಗಳಲು ಕಟ್ಟುತ್ತಿದ್ದ ಟ್ಯೂನು. ಬೈದವರಿಗೇ ಹೊಗಳಿಕೆಯ ಹಾರ! ಆ ರೆಕಾರ್ಡಿನಲ್ಲಿ ಇನ್ನೊಂದು ಹೊಸ ಸಂಗತಿಯೂ ಇತ್ತು. ಬ್ಯಾಂಡಿಗೆ ಹೊಸಬರೊಬ್ಬರು ಸೇರಿದ್ದರು. ಮೆಕ್‌ಗೋವನ್‌ಗಿಂತ ಹತ್ತು ವರ್ಷ ದೊಡ್ಡವರು. ಸಿಟರ್ನ್ ಎಂಬ ತಂತಿವಾದ್ಯ, ಮ್ಯಾಂಡೊಲಿನ್, ಬ್ಯಾಂಜೊ, ಗಿಟಾರ್ ಎಲ್ಲ ಬರುತ್ತಿತ್ತು, ಕಾನ್ಸರ್ಟಿನಾ ಕೂಡ. ಹೆಸರು ಟೆರಿ ವುಡ್ಸ್. ಇವರಿಗೆ ಪರಂಪರೆ ಗೊತ್ತಿಲ್ಲ ಎಂದು ಐರ್ಲೆಂಡಿನಲ್ಲಿ ಯಾರೂ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.

ಯಾಕೆ ಅಂತ ತಿಳಿಯಬೇಕಾದರೆ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

ವುಡ್ಸ್ ಹುಟ್ಟಿದ್ದು 1947ರಲ್ಲಿ, ಡಬ್ಲಿನ್ನಿನಲ್ಲಿ. ಹುಡುಗನಾಗಿದ್ದಾಗ ತಲೆಗೆ ಹತ್ತಿದ್ದು ಅಮೆರಿಕದ ಬೆಟ್ಟಗಾಡಿನ ಹಳೇ ಹಾಡುಗಳು. 1967ರಲ್ಲಿ ಅವರು ಸ್ವೀನೀಸ್ ಮೆನ್ ಎಂಬ ಮೂವರ ತಂಡ ಸೇರಿದರು. ಉಳಿದಿಬ್ಬರು ಆ್ಯಂಡಿ ಅರ್ವಿನ್ ಮತ್ತು ಜಾನಿ ಮೊಯ್ನಿಹಾನ್. ಐರಿಷ್ ಸಂಗೀತಕ್ಕೆ ಗ್ರೀಸಿನ ಬುಝೂಕಿ ಎಂಬ ತಂತಿವಾದ್ಯವನ್ನು ತಂದವರು ಈ ಮೊಯ್ನಿಹಾನ್. ಹೊರಗಿನ ಪಿಟೀಲು ಕರ್ನಾಟಕ ಸಂಗೀತಕ್ಕೆ ಬಂದು ಮನೆಯದೇ ಆಗಿಹೋಯಿತಲ್ಲ, ಹೆಚ್ಚುಕಮ್ಮಿ ಹಾಗೆ. ಇವತ್ತು ಐರಿಷ್ ಪಬ್ಬುಗಳಲ್ಲಿ ಬುಝೂಕಿ ನೋಡಿದರೆ ಅದು ಅಲ್ಲಿನದಲ್ಲ ಅಂತ ಯಾರಿಗೂ ಅನ್ನಿಸುವುದಿಲ್ಲ.

ಅದು ಅಷ್ಟು ಬೇಗ ಹೊಂದಿಕೊಂಡಿದ್ದು ಹೇಗೆ? ಹಳೇ ಐರಿಷ್ ಪದ್ಧತಿಯಲ್ಲಿ ಪಿಟೀಲು, ಕೊಳಲು, ಪೈಪ್ ಎಲ್ಲವೂ ಒಂದೇ ಟ್ಯೂನನ್ನು ಒಟ್ಟಿಗೆ ನುಡಿಸುತ್ತವೆ. ಕಾರ್ಡ್, ಅಂದರೆ ಹಲವು ಸ್ವರಗಳನ್ನು ಒಟ್ಟಿಗೇ ಬಾರಿಸುವ ಅಭ್ಯಾಸ ಅಲ್ಲಿ ಇರಲಿಲ್ಲ. ಗಿಟಾರಿನಲ್ಲಿ ದಪ್ಪ ಕಾರ್ಡ್ ಬಾರಿಸಿದರೆ ಟ್ಯೂನಿನ ಬಣ್ಣವೇ ಬದಲಾಗಿಬಿಡುತ್ತದೆ, ಮೇಜರ್ ಅಥವಾ ಮೈನರ್ ಎಂಬ ಪಾಶ್ಚಾತ್ಯ ಸ್ವರಶ್ರೇಣಿಯ ಕಡೆಗೆ ವಾಲುತ್ತದೆ. ಬುಝೂಕಿಯಲ್ಲಿ, ಅದರ ನೆಂಟನಂತಿರುವ ಸಿಟರ್ನಿನಲ್ಲಿ ತಂತಿಗಳು ಜೋಡಿ ಜೋಡಿ. ಶ್ರುತಿ ಮಾಡಿಕೊಳ್ಳುವ ರೀತಿಯೂ ಬೇರೆ. ಎರಡು ತಂತಿ ಹಾಗೇ ಬಿಟ್ಟು ಮೀಟಿದರೆ ತಂಬೂರಿಯಂಥ ಗುಂಯ್‌ಗುಡುವಿಕೆ. ಅದರ ಮೇಲೆ ಬೆರಳು ಓಡಿಸಿದರೆ ಟ್ಯೂನಿನ ಪಕ್ಕದಲ್ಲೇ ಇನ್ನೊಂದು ಎಳೆ. ಟ್ಯೂನಿಗೆ ಬೆಂಬಲ ಸಿಗುತ್ತದೆ, ಅದರ ಕತ್ತು ಹಿಸುಕಿದ ಹಾಗಾಗುವುದಿಲ್ಲ.

ಒಬ್ಬರಿಗೇ ಇಷ್ಟೊಂದು ವಾದ್ಯ ಬರುವುದರ ಹಿಂದೆಯೂ ಒಂದು ಸಣ್ಣ ಗುಟ್ಟಿದೆ. ಪಿಟೀಲು ಮತ್ತು ಮ್ಯಾಂಡೊಲಿನ್‌ಗೆ ಶ್ರುತಿ ಒಂದೇ. ಐರಿಷ್ ಶೈಲಿಯ ನಾಲ್ಕು ತಂತಿಯ ಬ್ಯಾಂಜೊಗೂ ಅದೇ, ಆದರೆ ಒಂದು ಸ್ಥಾಯಿ ಕೆಳಗೆ. ಒಂದರಲ್ಲಿ ಬೆರಳು ಪಳಗಿದರೆ ಇನ್ನೊಂದಕ್ಕೆ ದಾಟುವುದು ಕಷ್ಟವಲ್ಲ. ಕಾನ್ಸರ್ಟಿನಾ ಮಾತ್ರ ಬೇರೆಯೇ ಲೋಕ. ಐರಿಷರು ಹೆಚ್ಚಾಗಿ ಬಳಸುವ ಬಗೆಯಲ್ಲಿ ಒಂದೇ ಗುಂಡಿ ಒತ್ತಿ ತಿದಿ ನೂಕಿದರೆ ಒಂದು ಸ್ವರ, ಎಳೆದರೆ ಇನ್ನೊಂದು. ಅದನ್ನು ಕಲಿಯುವುದಕ್ಕೆ ಯಾವ ಅಡ್ಡದಾರಿಯೂ ಇಲ್ಲ.

ಸ್ವೀನೀಸ್ ಮೆನ್ ಜಾಸ್ತಿ ದಿನ ಬಾಳಲಿಲ್ಲ. 1968ರಲ್ಲಿ ಅರ್ವಿನ್ ತಂಡ ಬಿಟ್ಟು ಪೂರ್ವ ಯುರೋಪಿನ ಕಡೆ ಹೊರಟುಹೋದರು. ಮರುವರ್ಷ ತಂಡವೇ ಮುಗಿಯಿತು. ಆಗ ವುಡ್ಸ್ ಮತ್ತು ಅವರ ಹೆಂಡತಿ ಗೇ ವುಡ್ಸ್ ಇಂಗ್ಲೆಂಡಿಗೆ ಹೋಗಿ, ಆ್ಯಶ್ಲಿ ಹಚಿಂಗ್ಸ್, ಮ್ಯಾಡಿ ಪ್ರಯರ್, ಟಿಮ್ ಹಾರ್ಟ್ ಜೊತೆ ಸ್ಟೀಲೈ ಸ್ಪ್ಯಾನ್ ಕಟ್ಟಿದರು. ಹಳೇ ಜಾನಪದ ಹಾಡಿಗೆ ಎಲೆಕ್ಟ್ರಿಕ್ ಗಿಟಾರು ಕೂಡಿಸುವ ಪ್ರಯೋಗ ಅದು. ವಿಲ್ಟ್‌ಶೈರಿನ ಒಂದು ಮನೆಯಲ್ಲಿ ಐದೂ ಜನ ಒಟ್ಟಿಗೆ ಇದ್ದುಕೊಂಡು ತಿಂಗಳುಗಟ್ಟಲೆ ತಾಲೀಮು ಮಾಡಿದರು. ಎರಡು ಜೋಡಿ, ಒಬ್ಬ ಒಂಟಿ, ಒಂದೇ ಅಡುಗೆಮನೆ. ಏನಾಗಬೇಕೋ ಅದೇ ಆಯಿತು. 1970ರಲ್ಲಿ ಆಲ್ಬಂ ಬರುವ ಹೊತ್ತಿಗೆ ತಂಡ ಒಡೆದಿತ್ತು. ಆ ಐವರು ಒಂದೇ ಒಂದು ಸಲವೂ ವೇದಿಕೆ ಹತ್ತಲಿಲ್ಲ. ಸ್ಟೀಲೈ ಸ್ಪ್ಯಾನ್ ಆಮೇಲೆ ಬೇರೆಯವರೊಂದಿಗೆ ದೊಡ್ಡ ಹೆಸರು ಮಾಡಿತು.

ಎಪ್ಪತ್ತರ ದಶಕ ಪೂರ್ತಿ ಗಂಡ ಹೆಂಡತಿ ಸೇರಿ ಆಲ್ಬಂ ಮಾಡಿದರು. ವಿಮರ್ಶಕರು ಮೆಚ್ಚಿದರು, ಮಾರಾಟ ಅಷ್ಟಕ್ಕಷ್ಟೆ. ದಶಕ ಮುಗಿಯುವ ಹೊತ್ತಿಗೆ ಜೋಡಿಯೂ ಮುರಿಯಿತು. ವುಡ್ಸ್ ಸಂಗೀತದಿಂದ ಹೆಚ್ಚುಕಮ್ಮಿ ದೂರವೇ ಉಳಿದರು.

ಅವರನ್ನು ಮತ್ತೆ ಎಳೆದು ತಂದದ್ದು ಪೋಗ್ಸ್. ಬ್ಯಾಂಡಿನ ಮ್ಯಾನೇಜರ್ ಫ್ರ್ಯಾಂಕ್ ಮರ್ರಿ ಡಬ್ಲಿನ್ನಿನವರು, ವುಡ್ಸ್ ಅವರಿಗೆ ಹಳೇ ಪರಿಚಯ. ಅಲ್ಲಿಯವರೆಗೆ ಪೋಗ್ಸ್ ಸದ್ದಿನಲ್ಲಿ ಮೇಲೆ ಕೊಳಲು, ಅಕಾರ್ಡಿಯನ್, ಕೆಳಗೆ ಬಾಸ್, ಡ್ರಮ್ಸ್. ನಡುವಿನ ಜಾಗ ತೆಳ್ಳಗಿತ್ತು. ಸಿಟರ್ನ್ ಬಂದು ಅಲ್ಲಿ ಕೂತಿತು. 1988ರ ಜನವರಿಯಲ್ಲಿ ಬಂದ ಆಲ್ಬಂ ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಸ್ಪೇನು, ಟರ್ಕಿ ಕಡೆಯ ಧಾಟಿಯನ್ನೆಲ್ಲ ಅಷ್ಟು ಧೈರ್ಯದಿಂದ ಮುಟ್ಟಿದ್ದರಲ್ಲಿ ಇವರ ಕೈಯೂ ಇತ್ತು ಅನ್ನುವುದು ನನ್ನ ಅನಿಸಿಕೆ.

ಅದೇ ಆಲ್ಬಂನ ಒಂದು ಹಾಡು ಸರ್ಕಾರದವರೆಗೂ ಹೋಯಿತು. ‘ಸ್ಟ್ರೀಟ್ಸ್ ಆಫ್ ಸಾರೋ’ ಮತ್ತು ‘ಬರ್ಮಿಂಗ್‌ಹ್ಯಾಮ್ ಸಿಕ್ಸ್’ ಎಂಬ ಎರಡು ಹಾಡುಗಳನ್ನು ಬೆಸೆದು ಒಂದು ಮಾಡಿದ್ದರು. ಮೊದಲ ಭಾಗ ವುಡ್ಸ್ ಬರೆದು ಹಾಡಿದ್ದು. ಮೆಲ್ಲಗಿನ ದನಿ. ಉತ್ತರ ಐರ್ಲೆಂಡಿನ ಹಿಂಸೆಯಲ್ಲಿ ಹುಡುಗರು ಸಾಯುವುದನ್ನು ಇನ್ನು ನೋಡಲಾರೆ ಎಂದು ಊರು ಬಿಟ್ಟು ಹೊರಡುವವನ ಮಾತು. ಅದು ಮುಗಿಯುತ್ತಲೇ ಮೆಕ್‌ಗೋವನ್ ಬಂದು ಸಿಟ್ಟಿನಲ್ಲಿ ಕಿರುಚುತ್ತಾರೆ. 1974ರ ನವೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನ ಪಬ್ಬುಗಳಲ್ಲಿ ಬಾಂಬ್ ಸಿಡಿದು 21 ಜನ ಸತ್ತಿದ್ದರು. ಆ ಕೇಸಿನಲ್ಲಿ ಆರು ಜನ ಐರಿಷರನ್ನು ಜೈಲಿಗೆ ಹಾಕಿದ್ದರು. ಅವರು ನಿರಪರಾಧಿಗಳು, ಐರಿಷರು ಅನ್ನುವುದೇ ಅವರ ತಪ್ಪು ಎಂದು ಹಾಡು ಹೇಳುತ್ತಿತ್ತು.

1988ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಗೃಹಮಂತ್ರಿ ಡಗ್ಲಸ್ ಹರ್ಡ್ ಒಂದು ಆದೇಶ ಹೊರಡಿಸಿದರು. ಉತ್ತರ ಐರ್ಲೆಂಡಿನಿಂದ ಬ್ರಿಟನ್ನನ್ನು ಹೊರಹಾಕಲು ಬಂದೂಕು ಹಿಡಿದಿದ್ದ ಐಆರ್‌ಎ, ಅದರ ರಾಜಕೀಯ ಅಂಗವಾದ ಶಿನ್ ಫೇನ್ ಮುಂತಾದ ಸಂಘಟನೆಗಳ ಪರ ಮಾತಾಡುವವರ ದನಿ ಟಿವಿ, ರೇಡಿಯೊದಲ್ಲಿ ಕೇಳಿಸಬಾರದು ಎಂದು. ಶಿನ್ ಫೇನ್ ನಾಯಕ ಗೆರಿ ಆ್ಯಡಮ್ಸ್ ಮುಖ ತೋರಿಸಿ, ನಟರ ಕೈಲಿ ಮಾತು ಹೇಳಿಸುವ ತಮಾಷೆ ಶುರುವಾಗಿದ್ದು ಆಗಲೇ. ಖಾಸಗಿ ಟಿವಿ, ರೇಡಿಯೊಗಳ ಮೇಲೆ ಕಣ್ಣಿಡುತ್ತಿದ್ದ ಪ್ರಾಧಿಕಾರ ಇದೇ ನೆಪದಲ್ಲಿ ಈ ಹಾಡನ್ನೂ ನಿಷೇಧಿಸಿತು.  ವುಡ್ಸ್ ಹಾಡಿದ ಭಾಗವಂತೂ ಸಾವು ಸಾಕು ಅನ್ನುತ್ತದೆ, ಅಷ್ಟೇ. ಬಂದೂಕು ಹಿಡಿದವರಿಗೂ ಅದು ಹಿಡಿಸುವ ಮಾತಲ್ಲ, ಅಲ್ವಾ?

1991ರ ಮಾರ್ಚ್ 14ರಂದು ಆ ಆರೂ ಜನರ ಶಿಕ್ಷೆ ರದ್ದಾಗಿ, 16 ವರ್ಷದ ಮೇಲೆ ಅವರು ಹೊರಗೆ ಬಂದರು. ಹರ್ಡ್ ಆದೇಶ ವಾಪಸ್ಸಾಗಿದ್ದು 1994ರಲ್ಲಿ.

ಅದೇ 1991ರಲ್ಲಿ ಕುಡಿತ ಕೈಮೀರಿದ ಮೆಕ್‌ಗೋವನ್ ಅವರನ್ನು ಬ್ಯಾಂಡಿನವರೇ ಹೊರಗೆ ಕಳಿಸಿದರು. ಅವರಿಲ್ಲದೆ ಮಾಡಿದ ಮೊದಲ ಆಲ್ಬಂ 1993ರದು. ಅದಾದ ಮೇಲೆ ವುಡ್ಸ್ ಕೂಡ ಬಿಟ್ಟರು. ಇತ್ತ ಅಮೆರಿಕದಲ್ಲಿ ಪೋಗ್ಸ್ ಕೇಳಿ ಬೆಳೆದವರು ತಮ್ಮದೇ ಬ್ಯಾಂಡು ಕಟ್ಟಿದರು: ಬಾಸ್ಟನ್ ಕಡೆ ಡ್ರಾಪ್‌ಕಿಕ್ ಮರ್ಫೀಸ್, ಲಾಸ್ ಏಂಜಲೀಸಿನಲ್ಲಿ ಫ್ಲಾಗಿಂಗ್ ಮಾಲಿ. ಅಲ್ಲೂ ಗಿಟಾರು ಕೆಳಗಿಟ್ಟು ಮ್ಯಾಂಡೊಲಿನ್ ಎತ್ತಿಕೊಳ್ಳುವ, ಮರುಹಾಡಿಗೆ ಅಕಾರ್ಡಿಯನ್ ಹೆಗಲಿಗೇರಿಸುವ ಜನ ಇದ್ದೇ ಇದ್ದಾರೆ. ಡ್ರಾಪ್‌ಕಿಕ್‌ನ ಟಿಮ್ ಬ್ರೆನನ್ ಅಂಥವರಲ್ಲೊಬ್ಬರು.

2001ರ ಕ್ರಿಸ್‌ಮಸ್ ಹೊತ್ತಿಗೆ ಪೋಗ್ಸ್ ಮತ್ತೆ ಒಂದಾದರು, ಮೆಕ್‌ಗೋವನ್ ಸಮೇತ. ವುಡ್ಸ್ ಕೂಡ ಬಂದರು. 2014ರವರೆಗೆ ಊರೂರು ಸುತ್ತಿದರು, ಆದರೆ ಹೊಸ ಆಲ್ಬಂ ಒಂದೂ ಮಾಡಲಿಲ್ಲ. ಅದು ನನಗೆ ಇವತ್ತಿಗೂ ಬೇಜಾರು. ವುಡ್ಸ್ ಮಾತ್ರ 2002ರಲ್ಲಿ ತಮ್ಮ ಹಳೇ ವುಡ್ಸ್ ಬ್ಯಾಂಡ್ ಹೆಸರಿನಲ್ಲಿ ಇನ್ನೊಂದು ಆಲ್ಬಂ ತಂದರು. ಅದರ ಹೆಸರಿನಲ್ಲಿ ನರಕದ ನಾಲ್ಕು ಮೂಲೆಗಳು ಬರುತ್ತವೆ. ಡಬ್ಲಿನ್ನಿನ ಒಂದು ಚೌಕಕ್ಕೆ ಅಲ್ಲಿನವರು ಇಟ್ಟ ಅಡ್ಡಹೆಸರು ಅದು. ಒಂದು ಕಾಲಕ್ಕೆ ಆ ಚೌಕದ ಮೂಲೆಗೊಂದು ಪಬ್ ಇತ್ತು.