ಬೆಂಕಿಗೆ ಹೆದರದ, ಬಿಸುಪಿಗೆ ಪುಡಿಯಾಗುವ ವಸ್ತು

ಹಲ್ಲಿಗೆ ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತುವಿನ ಬಿಳಿ ಕ್ಯಾಪ್ ಹಾಕಿಸಿಕೊಂಡವರು ನಿಮ್ಮ ಮನೆಯಲ್ಲೂ ಇರಬಹುದು. ಆ ಕ್ಯಾಪ್ ಗಟ್ಟಿಯಾಗುವುದು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಬಿಸಿಯ ಪುಟ್ಟ ಕುಲುಮೆಯಲ್ಲಿ. ಹೀಟರ್‌ಗಳಲ್ಲಿ ಬಳಸುವ ನೈಕ್ರೋಮ್ ತಂತಿ 1400ರ ಹೊತ್ತಿಗೇ ಕರಗಿಹೋಗುತ್ತದೆ. ಹಾಗಾಗಿ ಇಂಥ ಕುಲುಮೆಗಳಲ್ಲಿ ಬಿಸಿ ಮಾಡಲು ಹೆಚ್ಚಾಗಿ ಮಾಲಿಬ್ಡಿನಮ್ ಡೈಸಿಲಿಸೈಡ್‌ನ ಬೂದುಬಣ್ಣದ ಸರಳುಗಳನ್ನು ಇಳಿಬಿಟ್ಟಿರುತ್ತಾರೆ.

ಇದು ಸುಮ್ನೆ ಕರಗಿಸಿ ಬೆರೆಸಿದ ಮಿಶ್ರಲೋಹ ಅಲ್ಲ. ಮಾಲಿಬ್ಡಿನಮ್ ಎಂಬ ಲೋಹದ ಒಂದು ಪರಮಾಣುವಿಗೆ ಎರಡು ಸಿಲಿಕಾನ್, ಪ್ರತಿಯೊಂದಕ್ಕೂ ಗೊತ್ತಾದ ಜಾಗ. ಇಂಥವನ್ನು ಅಂತರಲೋಹ ಸಂಯುಕ್ತ ಎನ್ನುತ್ತಾರೆ. ಲೋಹದ ಹಾಗೆ ವಿದ್ಯುತ್ ಹರಿಸುತ್ತದೆ, ಪಿಂಗಾಣಿಯ ಹಾಗೆ ಒಡೆಯುತ್ತದೆ.

ಕರಗುವುದು ಸುಮಾರು 2030 ಡಿಗ್ರಿಗೆ. ಆದರೆ ಇದರ ಹೆಚ್ಚುಗಾರಿಕೆ ಅದಲ್ಲ. ಬರೀ ಮಾಲಿಬ್ಡಿನಮ್ 2600 ಡಿಗ್ರಿ ದಾಟಿದ ಮೇಲೆ ಕರಗುತ್ತದೆ. ಆದರೂ ಗಾಳಿಯಲ್ಲಿ ಕಾಯಿಸಿದರೆ ಅದರ ಆಕ್ಸೈಡ್ ಆವಿಯಾಗಿ, ಲೋಹ ಸವೆದುಹೋಗುತ್ತದೆ. ಇಲ್ಲಿ ಕಾಪಾಡುವುದು ಸಿಲಿಕಾನ್. ಅದು ಆಮ್ಲಜನಕದ ಜೊತೆ ಸೇರಿ ಗಾಜಿನಂಥ ತೆಳುವಾದ ಸಿಲಿಕಾ ಪೊರೆ ಕಟ್ಟುತ್ತದೆ. ಪೊರೆ ಬಿರುಕು ಬಿಟ್ಟರೆ ಅಲ್ಲೇ ಹೊಸ ಸಿಲಿಕಾ ಹುಟ್ಟಿ ಮುಚ್ಚುತ್ತದೆ. ಹಾಗಾಗಿ 1800 ಡಿಗ್ರಿಯಲ್ಲೂ ತೆರೆದ ಗಾಳಿಯಲ್ಲಿ ಕೆಲಸ ಮಾಡುತ್ತದೆ!

ಇಷ್ಟು ಗಟ್ಟಿಗನಿಗೆ 500 ಡಿಗ್ರಿ ಯಾವ ಲೆಕ್ಕ, ಅಲ್ವಾ? ಅಲ್ಲೇ ಇರುವುದು ನನ್ನನ್ನು ಬೆರಗುಗೊಳಿಸಿದ ಸಂಗತಿ. 400ರಿಂದ 600 ಡಿಗ್ರಿಯ ನಡುವೆ ಹೊತ್ತುಗಟ್ಟಲೆ ಇಟ್ಟರೆ, ಒಳಗೆ ಸಣ್ಣ ಬಿರುಕುಗಳಿರುವ ತುಂಡು ಪುಡಿಪುಡಿಯಾಗಬಹುದು. 1955ರಲ್ಲಿ ಫಿಟ್ಜರ್ ಎಂಬ ವಿಜ್ಞಾನಿ ಇದನ್ನು ವರದಿ ಮಾಡಿದರು. ಇದಕ್ಕೆ ಪೆಸ್ಟ್, ಅಂದರೆ ಪಿಡುಗು, ಎಂದು ಹೆಸರು. ಆ ಬಿಸಿಯಲ್ಲಿ ಸಿಲಿಕಾ ಪೊರೆ ಎಲ್ಲೆಡೆ ಕೂಡಿಕೊಳ್ಳುವಷ್ಟು ಬೇಗ ಬೆಳೆಯುವುದಿಲ್ಲ. ಮಾಲಿಬ್ಡಿನಮ್ ಆಕ್ಸೈಡ್ ಆವಿಯಾಗಿ ಹೋಗುವುದೂ ಇಲ್ಲ. ಬಿರುಕುಗಳೊಳಗೇ ಉಬ್ಬಿ, ಗೋಡೆ ಸೀಳುವ ಆಲದ ಬೇರಿನಂತೆ ತುಂಡನ್ನು ಒಡೆಯುತ್ತದೆ. ರಂಧ್ರವಿಲ್ಲದಂತೆ ಒತ್ತಾಗಿ ತಯಾರಿಸಿದರೆ ಈ ಕಾಟ ಬಹಳ ಕಡಿಮೆ.

ಜೆಟ್ ಎಂಜಿನ್ನಿನ ಬ್ಲೇಡುಗಳಿಗೂ ಇದನ್ನು ಬಳಸುವ ಆಸೆ ಹಳೆಯದು. ಆದರೆ ತಣ್ಣಗಿದ್ದಾಗ ಪೆಟ್ಟು ತಾಳುವುದಿಲ್ಲ, 1200 ಡಿಗ್ರಿ ದಾಟಿದರೆ ಭಾರಕ್ಕೆ ನಿಧಾನವಾಗಿ ಬಗ್ಗುತ್ತದೆ. ಇದನ್ನೊಂದೇ ನಂಬಿ ಬ್ಲೇಡ್ ಮಾಡುವುದು ಕಷ್ಟ ಎಂದೇ ನನಗನ್ನಿಸುತ್ತದೆ. ಲೇಪನದಲ್ಲಿ ಮಾತ್ರ ಭರವಸೆ ಜಾಸ್ತಿ. ಬ್ಲೇಡಿನ ಮೇಲಿನ ಜಿರ್ಕೋನಿಯಾ ಲೇಪನದೊಳಗೆ ಇದರ ಸಣ್ಣ ಕಣಗಳನ್ನು ಹುದುಗಿಸುವ ಪ್ರಯೋಗಗಳು ನಡೆದಿವೆ. ಪ್ರತಿ ಕಣಕ್ಕೂ ಅಲ್ಯೂಮಿನಾದ, ಅಂದರೆ ಅಲ್ಯೂಮಿನಿಯಂ ಆಕ್ಸೈಡಿನ, ಚಿಪ್ಪು. ಬಿರುಕು ಬಂದು ಚಿಪ್ಪು ಒಡೆದಾಗ ಕಣಕ್ಕೆ ಗಾಳಿ ತಾಗುತ್ತದೆ, ಸಿಲಿಕಾ ಹುಟ್ಟಿ ಬಿರುಕಿನೊಳಗೆ ಹರಿಯುತ್ತದೆ, ಸುತ್ತಲಿನ ಜಿರ್ಕೋನಿಯಾದ ಜೊತೆ ಸೇರಿ ಜಿರ್ಕಾನ್ ಎಂಬ ಖನಿಜವಾಗಿ ಗಟ್ಟಿಯಾಗುತ್ತದೆ.