ಉಸ್ತಾದರ ಕಣ್ಣು ಮೊಬೈಲ್ ಮೇಲಿದ್ದರೆ

ಮುಸ್ಲಿಂ ವಸತಿ ಶಾಲೆಗಳ ಶಿಕ್ಷಕರಿಗೆ ತರಬೇತಿ ಕೊಡಲು ಹೋದಲ್ಲೆಲ್ಲ ಮೊದಲು ಬರುವ ಪ್ರಶ್ನೆ, ತರಗತಿ ಹತೋಟಿಗೆ ಬರ್ತಾ ಇಲ್ಲ, ಏನು ಮಾಡಲಿ ಅಂತ. ಬೆಳಗಿನ ಸುಬಹಿ ನಮಾಜಿಗೆ ನೀವು ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ನಾನು ತಿರುಗಿ ಕೇಳುತ್ತೇನೆ. ಯಾಕಂದರೆ ಮಕ್ಕಳು ಗುರುವನ್ನು ನೋಡಿಯೇ ಕಲಿಯುತ್ತಾರೆ.

ಇಂಡೋನೇಷ್ಯಾದ ಪೆಸಾಂತ್ರೆನ್‌ಗಳನ್ನೇ, ಅಂದರೆ ಅಲ್ಲಿನ ಇಸ್ಲಾಮಿ ವಸತಿ ಶಾಲೆಗಳನ್ನೇ, ನೋಡಿ. ಸಂತ್ರಿಗಳು, ಅಂದರೆ ವಿದ್ಯಾರ್ಥಿಗಳು, ಇರುವ ಆವರಣದಲ್ಲೇ ಕಿಯಾಯಿ, ಅಂದರೆ ಮುಖ್ಯ ಗುರು, ಮನೆ ಮಾಡಿಕೊಂಡಿರುತ್ತಾರೆ. ಗುರು ಯಾರ ಮೇಲೆ ರೇಗಿದರು, ಅಡುಗೆಯವರ ಜೊತೆ ಹೇಗೆ ಮಾತಾಡಿದರು, ಎಲ್ಲವೂ ಮಕ್ಕಳ ಕಣ್ಣಿಗೆ ಬೀಳುತ್ತದೆ.

ಅಲ್ಲಿ ಸೊರೊಗಾನ್ ಅನ್ನುವ ಪದ್ಧತಿಯಿದೆ. ಒಬ್ಬೊಬ್ಬ ಹುಡುಗನೂ ಕಿತಾಬ್ ಹಿಡಿದು ಉಸ್ತಾದರ, ಅಂದರೆ ಗುರುಗಳ, ಮುಂದೆ ಕೂತು ಓದಿ ಒಪ್ಪಿಸಬೇಕು. ನಮ್ಮ ಕರಾವಳಿಯ ಪಳ್ಳಿ ದರ್ಸಿನಲ್ಲಿ, ಅಂದರೆ ಮಸೀದಿಯಲ್ಲಿ ನಡೆಯುವ ಧಾರ್ಮಿಕ ಪಾಠದಲ್ಲಿ, ಓದಿದವರಿಗೆ ಇದು ಹೊಸದಲ್ಲ. ಕೇರಳದ ಪೊನ್ನಾನಿಯ ಝೈನುದ್ದೀನ್ ಮಖ್ದೂಮರು 16ನೇ ಶತಮಾನದಲ್ಲಿ ಬರೆದ ಫತ್‌ಹುಲ್ ಮುಈನ್ ಎಂಬ ಧಾರ್ಮಿಕ ಕಾನೂನಿನ ಗ್ರಂಥವನ್ನು ಇಲ್ಲೂ ಓದುತ್ತಾರೆ, ಜಾವಾದಲ್ಲೂ ಓದುತ್ತಾರೆ. ಆದರೆ ಒಬ್ಬ ಓದುವಾಗ ಉಳಿದ ಇಪ್ಪತ್ತು ಮಂದಿ ಏನು ಮಾಡಬೇಕು? ಗದ್ದಲ ಹುಟ್ಟುವುದೇ ಅಲ್ಲಿ. ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬ ಓದಲಿ, ಇನ್ನೊಬ್ಬ ತಪ್ಪು ಹಿಡಿಯಲಿ. ಗದ್ದಲ ಅರ್ಧಕ್ಕರ್ಧ ಇಳಿಯುತ್ತದೆ.

ಉಳಿದದ್ದು ಉಸ್ತಾದರ ಕಣ್ಣಿನಲ್ಲಿದೆ. ನಾನು ಕಲಿಸುತ್ತಿದ್ದ ದಿನಗಳಲ್ಲಿ ಒಬ್ಬ ಹುಡುಗ ಬೇಕಂತಲೇ ಒಂದು ಸಾಲು ಬಿಟ್ಟು ಓದಿದ. ನಾನು ಮೊಬೈಲ್ ನೋಡುತ್ತಾ ಸುಮ್ನೆ ಹೂಂ ಅಂದೆ. ವಾರದೊಳಗೆ ಎಲ್ಲರೂ ಸಾಲು ಹಾರಿಸತೊಡಗಿದರು. ಮಕ್ಕಳಿಗೆ ಮೊಬೈಲ್ ಬೇಡ ಅಂದವನೇ ನಾನು, ಯಾವ ಬಾಯಲ್ಲಿ ಬೈಯಲಿ? ತಪ್ಪು ನನ್ನದು ಅಂತ ಎಲ್ಲರೆದುರೇ ಒಪ್ಪಿಕೊಂಡೆ, ಆಮೇಲೆ ಮೊಬೈಲನ್ನು ತರಗತಿಗೆ ಒಯ್ಯಲೇ ಇಲ್ಲ.

1899ರಲ್ಲಿ ಜಾವಾದ ಜೊಂಬಾಂಗ್‌ನಲ್ಲಿ ತೆಬುಇರೆಂಗ್ ಪೆಸಾಂತ್ರೆನ್ ಕಟ್ಟಿದ ಹಾಶಿಮ್ ಅಶ್‌ಅರಿ ಅವರು ಅದಬ್, ಅಂದರೆ ನಡೆನುಡಿಯ ಶಿಸ್ತು, ಕುರಿತು ಬರೆದಾಗ ಶಿಷ್ಯನಿಗೆ ಮಾತ್ರವಲ್ಲ, ಗುರುವಿಗೂ ಅಷ್ಟೇ ಕಟ್ಟುನಿಟ್ಟು ಹಾಕಿದರು. ಗುರುಭಕ್ತಿಯ ಬಗ್ಗೆ ಜಾಸ್ತಿ ಮಾತಾಡುವವರು ಈ ಅರ್ಧವನ್ನು ಬಿಟ್ಟುಬಿಡುತ್ತಾರೆ.

ಹಾಗಂತ ಗುರು ಒಳ್ಳೆಯವರು ಅಂತ ನಂಬಿ ಕೂರುವುದೂ ತಪ್ಪು. ಭಕ್ತಿ ಜಾಸ್ತಿ ಇರುವ ಕಡೆ ಮಗು ಬಾಯಿ ಬಿಡುವುದು ಕಷ್ಟ ಅಲ್ವಾ? ಇಂಡೋನೇಷ್ಯಾದ ಧಾರ್ಮಿಕ ವ್ಯವಹಾರಗಳ ಸಚಿವಾಲಯ ತನ್ನ ಕೆಳಗಿನ ಶಿಕ್ಷಣ ಸಂಸ್ಥೆಗಳಲ್ಲಿ ಲೈಂಗಿಕ ಹಿಂಸೆ ತಡೆಯಲು 2022ರಲ್ಲಿ ನಿಯಮವನ್ನೇ ತಂದಿತು, ಪೆಸಾಂತ್ರೆನ್‌ಗಳೂ ಅದರೊಳಗೆ ಬರುತ್ತವೆ. ನಾನು ಹೋದಲ್ಲೆಲ್ಲ ಇಷ್ಟನ್ನಾದರೂ ಕೇಳಿಕೊಳ್ಳುತ್ತೇನೆ: ತಾಝೀರ್, ಅಂದರೆ ಶಿಕ್ಷೆ, ಕೊಡುವ ಅಧಿಕಾರವನ್ನು ಹಿರಿಯ ಹುಡುಗರ ಕೈಗೆ ಕೊಡಬೇಡಿ, ರಾತ್ರಿ ಹೊತ್ತು ಕೋಣೆಯೊಳಗೆ ಯಾರಿಗೂ ಶಿಕ್ಷೆ ಬೇಡ, ಮನೆಗೆ ಫೋನ್ ಮಾಡಬೇಕು ಅಂತ ಮಗು ಕೇಳಿದರೆ ಯಾಕೆ ಅಂತ ಕೇಳದೆ ಕೊಡಿ.